ಪ್ರತಿಕ್ರಿಯೆ: ನಡುಸಮುದ್ರದಲ್ಲಿ ಡ್ರಗ್ಸ್ ಸಿಕ್ಕರೆ ಕೇಸು ಯಾರದ್ದು?

ರಾಜಾಜಿನಗರದ ನಿಮ್ಮ ತಮ್ಮ ಪನಾಮ ಬಾವುಟದ ಹಡಗಿನಲ್ಲಿದ್ದಾನೆ, ಮಂಗಳೂರಿನಿಂದ 100 ನಾಟಿಕಲ್ ಮೈಲಿ ಆಚೆ ಅದರಲ್ಲಿ ಡ್ರಗ್ಸ್ ಸಿಕ್ಕರೆ ನಮ್ಮ ಕಾನೂನು ನಡೆಯುತ್ತಾ ಅಂತ ಕೇಳಿದ್ದೀರಿ ಅಲ್ವಾ ಸರ್? 200 ಮೈಲಿವರೆಗೂ ನಮ್ಮದೇ ಸಮುದ್ರ ಅಂತ ಸುಮ್ನೆ ಹೇಳುವವರೇ ಜಾಸ್ತಿ. ಅಲ್ಲಿ ನಮಗಿರುವುದು ಮುಖ್ಯವಾಗಿ ಮೀನು, ತೈಲದಂಥವುಗಳ ಹಕ್ಕು. ಪೂರ್ತಿ ಅಧಿಕಾರ 12 ಮೈಲಿಗೇ ಮುಗಿಯಿತು. ಆಚೆಗೆ, ಹಡಗಿನ ಹಿಂಭಾಗದಲ್ಲಿ ಹೆಸರಿನ ಕೆಳಗೆ ನೋಂದಣಿಯಾದ ಯಾವ ಊರು ಬರೆದಿದೆಯೋ ಆ ದೇಶದ್ದೇ ಮಾತು, ಇಲ್ಲಿ ಪನಾಮದ್ದು. ಡ್ರಗ್ಸ್ ಸಾಗಣೆ ತಡೆಯಲು ದೇಶಗಳು ಮಾಡಿಕೊಂಡ 1988ರ ವಿಯೆನ್ನಾ ಒಪ್ಪಂದದ 17ನೇ ವಿಧಿ ಪ್ರಕಾರ ನಮ್ಮ ಕೋಸ್ಟ್ ಗಾರ್ಡ್ ಪನಾಮದ ಒಪ್ಪಿಗೆ ಕೇಳಿಯೇ ಹತ್ತಬೇಕು. ಯಾವ ದೇಶದ್ದೂ ಅಲ್ಲದ ದೋಣಿಯಾದರೆ ಆ ಗೋಜಿಲ್ಲ, ಹತ್ತಿ ತಪಾಸಣೆ ಮಾಡಬಹುದು. ಆದರೆ ನಿಮ್ಮ ತಮ್ಮನ ಲೆಕ್ಕವೇ ಬೇರೆ. ಭಾರತದ ಪ್ರಜೆ ಭಾರತದ ಹೊರಗಿದ್ದರೂ 1985ರ ಎನ್‌ಡಿಪಿಎಸ್ ಕಾಯ್ದೆ (ನಮ್ಮ ಡ್ರಗ್ಸ್ ತಡೆ ಕಾನೂನು) ಅನ್ವಯಿಸುತ್ತದೆ ಅಂತ ಅದರ 1ನೇ ಸೆಕ್ಷನ್ನಲ್ಲೇ ಇದೆ, ಹಡಗು ಯಾರದ್ದಾದರೂ ಸರಿ. ಕಂಡವರ ಪಾರ್ಸೆಲ್ ಇಟ್ಟುಕೊಳ್ಳಬೇಡ ಅಂತ ಈಗಲೇ ಹೇಳಿಬಿಡಿ.