ಪಂಚಾಯಿತಿಯಲ್ಲಿ ಅಧ್ಯಕ್ಷರು ದೊಡ್ಡವರಾ, ಪಿಡಿಒ ದೊಡ್ಡವರಾ?

ನೀವು ಕೇಳಿದ್ದು ಇಷ್ಟು: ಮಂಡ್ಯ ಕಡೆಯ ಅಜ್ಜಿ ಮನೆ ನಿಮ್ಮ ಪಾಲಿಗೆ ಬಂದಿದೆ. ಬೆಳೆದದ್ದು ಬೆಂಗಳೂರಿನಲ್ಲಿ. ಖಾತೆ ಬದಲಾಯಿಸಲು ಹೋದರೆ ಒಬ್ಬರು ಪಂಚಾಯಿತಿಗೆ ಹೋಗಿ ಅಂತಾರೆ, ಇನ್ನೊಬ್ಬರು ನಾಡಕಚೇರಿಗೆ ಹೋಗಿ ಅಂತಾರೆ. ಈ ಪಂಚಾಯಿತಿ ಅನ್ನೋದು ನಡೆಯೋದು ಹೇಗೆ, ಅಲ್ಲಿ ಯಾರ ಮಾತು ನಡೆಯುತ್ತದೆ, ಅಧ್ಯಕ್ಷರದಾ, ಪಿಡಿಒ ಅನ್ನೋ ಸರ್ಕಾರಿ ಅಧಿಕಾರಿಯದಾ?

ನಾನು ಮದ್ದೂರು ತಾಲ್ಲೂಕಿನ ಒಂದು ಪಂಚಾಯಿತಿಯಲ್ಲಿ 2015ರಿಂದ ಐದು ವರ್ಷ ಸದಸ್ಯನಾಗಿದ್ದೆ. 2020ರಲ್ಲಿ ಸೋತೆ. ಯಾಕೆ ಸೋತೆ ಅನ್ನೋದನ್ನು ಕೊನೆಗೆ ಹೇಳುತ್ತೇನೆ.

ಮೊದಲು ನಿಮ್ಮ ಓಡಾಟದ ವಿಷಯ. ಹಳ್ಳಿಯಲ್ಲಿ ಸರ್ಕಾರಕ್ಕೆ ಎರಡು ಬಾಗಿಲು. ಒಂದು ಕಂದಾಯ ಇಲಾಖೆಯದು. ಪಹಣಿ, ಜಮೀನಿನ ಖಾತೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವೃದ್ಧಾಪ್ಯ ವೇತನ ಎಲ್ಲ ಆ ಕಡೆ. ಹೋಬಳಿಯಲ್ಲಿ ನಾಡಕಚೇರಿ, ಊರಿನ ಮಟ್ಟಕ್ಕೆ ಗ್ರಾಮ ಲೆಕ್ಕಿಗರು. ಈಗ ಅವರಿಗೆ ಗ್ರಾಮ ಆಡಳಿತ ಅಧಿಕಾರಿ ಅಂತ ಹೆಸರಿಟ್ಟಿದ್ದಾರೆ, ನಮ್ಮೂರಲ್ಲಿ ಮಾತ್ರ ಇನ್ನೂ ವಿಎ ಅಂತಲೇ ಕರೆಯೋದು. ಇವರು ಪಂಚಾಯಿತಿ ನೌಕರರಲ್ಲ. ಪಂಚಾಯಿತಿ ಇವರಿಗೆ ಏನೂ ಹೇಳುವ ಹಾಗಿಲ್ಲ. ಇನ್ನೊಂದು ಬಾಗಿಲು ಪಂಚಾಯಿತಿ. ಮನೆ, ಸೈಟು, ಮನೆ ಕಂದಾಯ, ಕುಡಿಯುವ ನೀರು, ಚರಂಡಿ, ಬೀದಿ ದೀಪ ಇದರದ್ದು.

ನಿಮ್ಮದು ಮನೆ. ಗ್ರಾಮಠಾಣಾ, ಅಂದರೆ ಊರಿನ ವಾಸದ ಜಾಗದ ಒಳಗಿದ್ದರೆ, ಇ-ಸ್ವತ್ತು ಅನ್ನೋ ಆನ್‌ಲೈನ್ ಆಸ್ತಿ ದಾಖಲೆಯಲ್ಲಿ ನಮೂನೆ 9 ಮತ್ತು 11ಎ ಬೇಕು, ಅದು ಪಂಚಾಯಿತಿಯಲ್ಲೇ ಆಗೋದು. ಆದರೆ ಅಜ್ಜಿ ಹೆಸರಿಂದ ನಿಮ್ಮ ಹೆಸರಿಗೆ ಬರಬೇಕಾದರೆ ವಂಶವೃಕ್ಷ ಕೇಳುತ್ತಾರೆ. ವಂಶವೃಕ್ಷ ಕೊಡೋದು ನಾಡಕಚೇರಿ. ಅಂದರೆ ನಿಮಗೆ ಇಬ್ಬರೂ ಹೇಳಿದ್ದು ನಿಜ. ಅರ್ಧ ಅರ್ಧ ಹೇಳಿದ್ದಾರೆ ಅಷ್ಟೇ.

ಈ ಗೊಂದಲ ಹಳೆಯದು. ಹಿಂದೆ ಪಟೇಲರು, ಶಾನುಭೋಗರು ಇದ್ದರು. ಅಪ್ಪನ ನಂತರ ಮಗ. ಊರಿನ ಲೆಕ್ಕವೂ ಅವರದೇ, ನ್ಯಾಯವೂ ಅವರದೇ. 1961ರ ಕಾಯ್ದೆ ಆ ವಂಶದ ಹುದ್ದೆಗಳನ್ನು ತೆಗೆದುಹಾಕಿತು. ನಮ್ಮ ಅಜ್ಜಿ ಬದುಕಿರುವ ತನಕ ವಿಎ ಮನೆ ಹತ್ತಿರ ಬಂದರೆ 'ಶಾನುಭೋಗ್ರು ಬಂದವ್ರೆ' ಅಂತಲೇ ಕೂಗುತ್ತಿದ್ದಳು.

ಪಂಚಾಯಿತಿಗೆ ಜೀವ ಬಂದದ್ದು ಆಮೇಲೆ. 1983ರ ಕಾಯ್ದೆ, 1987ರ ಮಂಡಲ ಪಂಚಾಯಿತಿ ಚುನಾವಣೆ. ಅದರ ಹಿಂದಿದ್ದವರು ಆಗ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅಂತ ಹೆಸರಾದವರು. ಈಗಿರುವ ಗ್ರಾಮ ಪಂಚಾಯಿತಿ 1993ರ ಕಾಯ್ದೆಯದು. ಗೆದ್ದ ಮೇಲೆ ನಮಗೆ ತರಬೇತಿ ಕೊಟ್ಟದ್ದು ಮೈಸೂರಿನಲ್ಲಿ ನಜೀರ್ ಸಾಬ್ ಹೆಸರಿನಲ್ಲೇ ಇರುವ ಸಂಸ್ಥೆ. ಊಟ ಚೆನ್ನಾಗಿತ್ತು. ಪಾಠವೂ ಚೆನ್ನಾಗಿತ್ತು, ಆದರೆ ಅದು ಅರ್ಥವಾಗಲು ನನಗೆ ಎರಡು ವರ್ಷ ಹಿಡಿಯಿತು.

ಲೆಕ್ಕ ಹೀಗಿದೆ. ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಒಂದು ಪಂಚಾಯಿತಿಯಲ್ಲಿ ಸಾಮಾನ್ಯವಾಗಿ ಹಲವು ಊರು. ಅರ್ಧ ಸ್ಥಾನ ಹೆಂಗಸರಿಗೆ. ಪಕ್ಷದ ಚಿಹ್ನೆ ಇಲ್ಲ, ಆಟೋನೋ ಕುಕ್ಕರ್ರೋ ಕೊಡುತ್ತಾರೆ. ಪಕ್ಷ ಇಲ್ಲ ಅಂತ ಕಾಗದ ಹೇಳುತ್ತದೆ. ಮಂಡ್ಯದಲ್ಲಿ ಯಾವ ಮನೆ ಯಾವ ಪಕ್ಷ ಅಂತ ಹಸುಗೂಸಿಗೂ ಗೊತ್ತು ಬಿಡಿ. ಗೆದ್ದವರು ಸೇರಿ ಅಧ್ಯಕ್ಷ, ಉಪಾಧ್ಯಕ್ಷರನ್ನು ಆರಿಸುತ್ತಾರೆ. ಆ ಸ್ಥಾನಕ್ಕೂ ಮೀಸಲಾತಿ ಉಂಟು.

ನಮ್ಮ ಅಧ್ಯಕ್ಷರು ಒಬ್ಬ ಹೆಣ್ಣುಮಗಳು. ಮೊದಲ ಕೆಲವು ತಿಂಗಳು ಅವರ ಯಜಮಾನರೇ ಪಕ್ಕದ ಕುರ್ಚಿಯಲ್ಲಿ ಕೂತು ಮಾತಾಡುತ್ತಿದ್ದರು. ನಾವು ಯಾರೂ ಬೇಡ ಅನ್ನಲಿಲ್ಲ, ಅದು ನಮ್ಮ ತಪ್ಪೇ. ಒಂದು ದಿನ ಟ್ಯಾಂಕ್ ತೊಳೆಸಿದ ಬಿಲ್ ಬಂತು. ಆಯಮ್ಮ ಸುಮ್ನೆ ಕೇಳಿದರು, 'ನಮ್ ಬೀದಿ ಟ್ಯಾಂಕ್ ತಾನೆ? ಅದನ್ನ ಯಾವತ್ತು ತೊಳೆದ್ರಿ?' ಸಭೆ ಗಪ್‌ಚಿಪ್. ಆ ಬಿಲ್ ವಾಪಸ್ ಹೋಯಿತು. ಮುಂದಿನ ತಿಂಗಳಿಂದ ಯಜಮಾನರು ಹೊರಗೆ ಬೈಕ್ ಮೇಲೆ ಕೂತಿರುತ್ತಿದ್ದರು.

ಈಗ ದೊಡ್ಡವರು ಯಾರು ಅನ್ನೋ ಪ್ರಶ್ನೆ. ಪಿಡಿಒ ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಸರ್ಕಾರಿ ನೌಕರರು. ಅವರ ಮೇಲೆ ತಾಲ್ಲೂಕಿನಲ್ಲಿ ಇಒ, ಅಂದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ. ದುಡ್ಡು ಹೊರಗೆ ಹೋಗಬೇಕಾದರೆ ಅಧ್ಯಕ್ಷರು, ಪಿಡಿಒ ಇಬ್ಬರೂ ಒಪ್ಪಬೇಕು. ಒಂದು ಬೀಗಕ್ಕೆ ಎರಡು ಕೀಲಿ ಇದ್ದ ಹಾಗೆ. ಇಬ್ಬರಿಗೂ ಮಾತು ನಿಂತರೆ ಬೀದಿ ದೀಪದ ಬಲ್ಬೂ ಬರೋದಿಲ್ಲ.

ದುಡ್ಡಾದರೂ ಎಷ್ಟು ನಮ್ಮ ಕೈಯಲ್ಲಿದೆ? ಮೇಲಿಂದ ಬರೋದು ಹೆಚ್ಚಾಗಿ ಬಾಯಿ ಕಟ್ಟಿಕೊಂಡೇ ಬರುತ್ತದೆ. ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021-22ರಿಂದ ನೂರಕ್ಕೆ 60 ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೇ ಅಂತ ಕಟ್ಟುಮಾಡಿದರು. ನಮ್ಮದೇ ಅಂತ ಹೇಳಿಕೊಳ್ಳುವ ದುಡ್ಡು ಮನೆ ಕಂದಾಯ, ನೀರಿನ ಕಂದಾಯ. ಅದನ್ನು ಜನ ಕಟ್ಟೋದಿಲ್ಲ. ಬಿಲ್ ಕಲೆಕ್ಟರ್ ಬಂದರೆ 'ಕಬ್ಬಿನ ದುಡ್ಡು ಬರ್ಲಿ ಕಣಪ್ಪ' ಅನ್ನುತ್ತಾರೆ. ನಾನೂ ಗೆಲ್ಲುವ ಮೊದಲು ಮೂರು ವರ್ಷ ಕಟ್ಟಿರಲಿಲ್ಲ. ಇನ್ನು ಬಂದದ್ದರಲ್ಲಿ ಮೋಟರ್ ಮತ್ತು ಬೀದಿ ದೀಪದ ಕರೆಂಟ್ ಬಿಲ್ಲೇ ಜಾಸ್ತಿ ತಿನ್ನುತ್ತದೆ.

ಆದ್ದರಿಂದ ನನ್ನನ್ನು ಕೇಳಿದರೆ ಪಂಚಾಯಿತಿಯಲ್ಲಿ ಎಲ್ಲರಿಗಿಂತ ದೊಡ್ಡದು ನಡವಳಿ ಪುಸ್ತಕ. ಸಭೆಯಲ್ಲಿ ಆದದ್ದನ್ನು ಬರೆಯುವ ಪುಸ್ತಕ. ಇದನ್ನು ಕಲಿತದ್ದು ಒಂದು ಚರಂಡಿಯಿಂದ.

ನಮ್ಮ ಬೀದಿ ನೀರೆಲ್ಲ ಹಾಲಿನ ಡೈರಿ ಮುಂದೆ ಬಂದು ನಿಲ್ಲುತ್ತಿತ್ತು. ಬೆಳಿಗ್ಗೆ ಕ್ಯಾನ್ ಹಿಡಿದು ಬಂದವರು ಕಲ್ಲಿನಿಂದ ಕಲ್ಲಿಗೆ ಹಾರಿ ಹೋಗಬೇಕಿತ್ತು. ಆರು ತಿಂಗಳಿಗೊಮ್ಮೆ ಗ್ರಾಮ ಸಭೆ ಆಗಲೇಬೇಕು, ಊರಿನ ಮತದಾರರೆಲ್ಲ ಅದರ ಸದಸ್ಯರೇ. ಮೊದಲ ವರ್ಷ ಆ ಸಭೆಯಲ್ಲಿ ಕೂಗಾಡಿದೆ. ತಾಲ್ಲೂಕಿಂದ ಬಂದ ನೋಡಲ್ ಅಧಿಕಾರಿ ತಲೆ ಆಡಿಸಿದರು. ಜನ ಚಪ್ಪಾಳೆ ಹೊಡೆದರು. ಏನೂ ಆಗಲಿಲ್ಲ. ಎರಡನೇ ವರ್ಷ ಇನ್ನೂ ಜೋರಾಗಿ ಕೂಗಾಡಿದೆ. ಆಗಲೂ ಇಲ್ಲ. ಕೊನೆಗೆ ಪುಸ್ತಕ ತೆಗೆಸಿ ನೋಡಿದೆ. 'ಚರಂಡಿ ಕುರಿತು ಚರ್ಚಿಸಲಾಯಿತು' ಅಂತ ಎರಡೂ ವರ್ಷ ಚೆಂದವಾಗಿ ಬರೆದಿತ್ತು. ಚರ್ಚಿಸಲಾಯಿತು ಅಂದರೆ ಏನೂ ಇಲ್ಲ ಅಂತ. 'ತೀರ್ಮಾನಿಸಲಾಯಿತು' ಅಂತ ಇರಬೇಕು. ಎಲ್ಲಿಂದ ಎಲ್ಲಿಗೆ, ಯಾವ ಅನುದಾನದಲ್ಲಿ ಅಂತ ಇರಬೇಕು. ಆಮೇಲೆ ಅದು ಕ್ರಿಯಾ ಯೋಜನೆಗೆ, ಅಂದರೆ ಆ ವರ್ಷ ಮಾಡುವ ಕೆಲಸಗಳ ಪಟ್ಟಿಗೆ, ಹತ್ತಬೇಕು. ಕ್ರಿಯಾ ಯೋಜನೆಯಲ್ಲಿ ಇಲ್ಲದ ಕೆಲಸಕ್ಕೆ ಪಿಡಿಒ ಬಿಲ್ ಮಾಡೋದಿಲ್ಲ, ಮಾಡಲೂಬಾರದು.

ಇನ್ನೊಂದು ಚಾಳಿ ಇದೆ, ಹೇಳಿಬಿಡುತ್ತೇನೆ. ಸಭೆ ಶುರುವಾಗುವಾಗಲೇ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ, ಕಾಫಿ-ಬಿಸ್ಕತ್ತು ಕೊಡುತ್ತಾರೆ, ಬರೆಯೋದು ಎಲ್ಲ ಹೋದ ಮೇಲೆ. ಮೂರನೇ ವರ್ಷ ನಾನು ಮನೆಗೆ ಹೋಗಲಿಲ್ಲ. ಕಾರ್ಯದರ್ಶಿ ಪಕ್ಕ ನಿಂತೆ. ಅವರು 'ನಾಳೆ ಬರೀತೀನಿ ಸಾರ್' ಅಂದರು. 'ನಾನು ಇಲ್ಲೇ ಇರ್ತೀನಿ, ಆತುರ ಇಲ್ಲ' ಅಂದೆ. ಕತ್ತಲಾಯಿತು. ಬರೆದರು.

ನೀವೂ ಹಾಗೇ ಮಾಡಿ. ಖಾತೆಗೆ ಬಾಯಲ್ಲಿ ಹೇಳಿ ಬರಬೇಡಿ. ಅರ್ಜಿ ಕೊಟ್ಟು, ತಾರೀಕು ಇರುವ ಸ್ವೀಕೃತಿ ಇಸ್ಕೊಳ್ಳಿ. ಅಜ್ಜಿ ಹೆಸರಿನ ಹಳೆಯ ಕಂದಾಯ ರಸೀದಿ ಮನೆಯ ಟ್ರಂಕಿನಲ್ಲಿ ಇದ್ದೇ ಇರುತ್ತದೆ, ಹುಡುಕಿ. ಬಾಕಿ ಇದ್ದರೆ ಮೊದಲು ಕಟ್ಟಿ. ಆಗಸ್ಟ್-ಸೆಪ್ಟೆಂಬರಿನಲ್ಲಿ ಜಮಾಬಂದಿ ಅಂತ ನಡೆಯುತ್ತದೆ, ಪಂಚಾಯಿತಿಯ ಲೆಕ್ಕವನ್ನು ಜನರ ಮುಂದೆ ಇಡುವ ದಿನ. ಊರಲ್ಲಿದ್ದರೆ ಹೋಗಿ ಕೂತುಕೊಳ್ಳಿ. ಹೊಸಬರು ಒಬ್ಬರು ಬಂದು ಕೂತರೆ ಓದುವವರ ದನಿಯೇ ಬದಲಾಗುತ್ತದೆ.

ಅಂದ ಹಾಗೆ ಚರಂಡಿ ಆಯಿತು. ಪುಸ್ತಕದಲ್ಲಿ 'ಮಾರಿಗುಡಿಯಿಂದ ಡೈರಿಯವರೆಗೆ' ಅಂತ ಬರೆಸಿದ್ದೆ. ಕಂಟ್ರಾಕ್ಟರ್ ಸರಿಯಾಗಿ ಡೈರಿಯವರೆಗೇ ಕಟ್ಟಿ ನಿಲ್ಲಿಸಿದ. ಈಗ ನೀರು ಡೈರಿ ದಾಟಿ ಆಚೆ ಬೀದಿಯಲ್ಲಿ ನಿಲ್ಲುತ್ತದೆ. 2020ರಲ್ಲಿ ಆ ಬೀದಿಯ ಓಟು ನನಗೆ ಒಂದೂ ಬೀಳಲಿಲ್ಲ.