ಆ ಹುಡುಗನಿಗೆ ಸಂಬಳ ಎಷ್ಟು?

ಪತ್ರ: "ಸಂಪಾದಕರೇ, ನಿಮ್ಮ ಪತ್ರಿಕೆಯಲ್ಲಿ ಕೊರಿಯಾ ಧಾರಾವಾಹಿಗಳ ಬಗ್ಗೆ ಒಂದು ಸಾಲೂ ಬರುವುದಿಲ್ಲ. ನಮ್ಮ ಮನೆಯಲ್ಲಿ ರಾತ್ರಿ ಪಾತ್ರೆ ತೊಳೆದ ಮೇಲೆ ನನ್ನದು ಅದೇ ಕೆಲಸ. ನನ್ನ ತಕರಾರು ಎರಡು. ಒಂದು, 'ರಿಪ್ಲೈ 1988'ರಲ್ಲಿ ನಾಯಕಿ ದೊಕ್-ಸುನ್ ಆ ಜಂಗ್-ಹ್ವಾನ್‌ಗೇ ಸಿಗಬೇಕಿತ್ತು. ಟೇಕ್ ಅನ್ನುವ ಇನ್ನೊಬ್ಬನ ಕೈಗೆ ಕೊಟ್ಟಿದ್ದು ಅನ್ಯಾಯ. ಎರಡು, ಎಲ್ಲರೂ ಹೊಗಳುತ್ತಾರೆ ಅಂತ 'ಮೈ ಮಿಸ್ಟರ್' ಹಾಕಿದೆ. ಒಬ್ಬ ಮಧ್ಯವಯಸ್ಸಿನವನು ಆಫೀಸಿಗೆ ಹೋಗುತ್ತಾನೆ, ಬರುತ್ತಾನೆ, ಅಣ್ಣತಮ್ಮಂದಿರ ಜೊತೆ ಕೂತು ಕುಡಿಯುತ್ತಾನೆ. ಎರಡೇ ಕಂತಿಗೆ ಸಾಕಾಯಿತು. ಕಷ್ಟ ನೋಡೋಕೆ ಟೀವಿ ಯಾಕೆ ಬೇಕು, ಮನೆಯಲ್ಲೇ ಇದೆಯಲ್ಲ? ನನಗೆ 'ಬಾಯ್ಸ್ ಓವರ್ ಫ್ಲವರ್ಸ್' ಥರದ್ದೇ ಇಷ್ಟ. ನೀವೇನಂತೀರಿ? ಇದರ ಬಗ್ಗೆ ಒಂದು ಅಂಕಣ ಶುರು ಮಾಡಬಾರದಾ? ಹೆಸರು ಹಾಕಬೇಡಿ, ನಮ್ಮ ಅತ್ತೆ ನಿಮ್ಮ ಪತ್ರಿಕೆ ಓದುತ್ತಾರೆ."
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೇಡಂ, ಹೆಸರು ಹಾಕಿಲ್ಲ. ಊರು ಮಾತ್ರ ಹಾಕಿದ್ದೇನೆ. ಅತ್ತೆಯವರು ಚುರುಕಾಗಿದ್ದರೆ ಅಷ್ಟರಲ್ಲೇ ಕಂಡುಹಿಡಿಯುತ್ತಾರೆ, ಅದಕ್ಕೆ ನಾನು ಹೊಣೆಯಲ್ಲ.

ಮೊದಲು ನಿಮ್ಮ ಪರವಾಗಿ ಎರಡು ಮಾತು ಆಡಿಬಿಡುತ್ತೇನೆ. ದಿನವೆಲ್ಲ ದುಡಿದವರಿಗೆ ರಾತ್ರಿ ಒಂದು ಗಂಟೆ ಕನಸು ಬೇಕು. ಶ್ರೀಮಂತ ಹುಡುಗ, ಅರಮನೆಯಂಥ ಮನೆ, ಬಡ ಹುಡುಗಿಗೆ ದಿಢೀರನೆ ಹೊಸ ಬಟ್ಟೆ. ಇದನ್ನು ಇಷ್ಟಪಡುವುದರಲ್ಲಿ ನಾಚಿಕೆ ಏನೂ ಇಲ್ಲ. ಜಪಾನಿನ ಒಂದು ಕಾಮಿಕ್ಸ್ ಇಟ್ಟುಕೊಂಡು ತೈವಾನಿನವರು 2001ರಲ್ಲಿ 'ಮೀಟಿಯರ್ ಗಾರ್ಡನ್' ಮಾಡಿದರು. 2005ರಲ್ಲಿ ಜಪಾನಿನವರು ತಮ್ಮದನ್ನು ಮಾಡಿದರು. 2009ರಲ್ಲಿ ಕೊರಿಯಾದವರು ನಿಮ್ಮ 'ಬಾಯ್ಸ್ ಓವರ್ ಫ್ಲವರ್ಸ್' ಮಾಡಿದರು. ಒಂದೇ ಕತೆಗೆ ಮೂರು ದೇಶದ ಜನ ಮುಗಿಬಿದ್ದರು ಅಂದ ಮೇಲೆ ಅದರಲ್ಲಿ ಏನೋ ಇದೆ. ಒಪ್ಪಿದೆ.

ಆದರೆ ಅದನ್ನು ನೋಡಿದಾಗ ನನ್ನ ತಲೆಯಲ್ಲಿ ಉಳಿದದ್ದು ನಾಯಕ ಜುನ್-ಪ್ಯೋನ ಗುಂಗುರು ಕೂದಲಲ್ಲ. ನಾಯಕಿ ಜಾನ್-ದಿಯ ಅಪ್ಪ ಅಮ್ಮ ಒಂದು ಡ್ರೈ ಕ್ಲೀನಿಂಗ್ ಅಂಗಡಿ ಇಟ್ಟಿರುತ್ತಾರಲ್ಲ, ಅದು. ಒಗೆದು ಇಸ್ತ್ರಿ ಮಾಡಿದ ಬಟ್ಟೆ ತಲುಪಿಸಲು ಹೋದಾಗಲೇ ಅವಳು ಆ ಶ್ರೀಮಂತರ ಶಾಲೆಯೊಳಗೆ ಮೊದಲ ಸಲ ಕಾಲಿಡುವುದು. ಕತೆ ಹುಟ್ಟಿದ್ದೇ ಆ ಬಟ್ಟೆಗಂಟಿನಿಂದ. ಆಮೇಲೆ 25 ಕಂತು ಮುಗಿಯುವ ತನಕ ಕ್ಯಾಮೆರಾಕ್ಕೆ ಆ ಅಂಗಡಿಯಲ್ಲಿ ನಿಲ್ಲುವಷ್ಟು ಪುರುಸೊತ್ತೇ ಇಲ್ಲ. ಒಂದು ಶರ್ಟಿಗೆ ಎಷ್ಟು ದುಡ್ಡು, ಕಲೆ ಹೋಗದಿದ್ದರೆ ಗಿರಾಕಿ ಏನಂತಾನೆ, ಏನೂ ಗೊತ್ತಾಗುವುದಿಲ್ಲ.

ಧಾರಾವಾಹಿ ಯಾವ ದೇಶದ್ದೇ ಆಗಲಿ, ನಾನು ಮೊದಲು ಕೇಳುವುದು ಒಂದೇ. ಇವನ ಹೊಟ್ಟೆಪಾಡು ಏನು? ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತಾನೆ? ತಿಂಗಳ ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತೆ? ಇದಕ್ಕೆ ಉತ್ತರ ಸಿಗದ ಪಾತ್ರ ಎಷ್ಟು ಅತ್ತರೂ ನನ್ನ ಕಣ್ಣು ಒದ್ದೆಯಾಗುವುದಿಲ್ಲ. ನಮ್ಮ ಕಚೇರಿಯಲ್ಲಿ ಇದಕ್ಕೇ ನನ್ನನ್ನು ಗೇಲಿ ಮಾಡುತ್ತಾರೆ, ಪ್ರೇಮಕತೆ ತಂದುಕೊಟ್ಟರೂ ಪೇ ಸ್ಲಿಪ್ ಕೇಳುತ್ತಾರೆ ಅಂತ. ಕೇಳುತ್ತೇನೆ, ಏನೀಗ?

'ರಿಪ್ಲೈ 1988' ನೋಡುತ್ತಾ ನೀವು ಗಂಡ ಯಾರಾಗುತ್ತಾನೆ ಅಂತ ಲೆಕ್ಕ ಹಾಕಿಕೊಂಡು ಕೂತಿರಿ. ನಿಮ್ಮನ್ನು ಬೈಯುವ ಹಾಗಿಲ್ಲ, ಕಂತುಕಂತಿಗೂ ಆ ಕುತೂಹಲ ಇಟ್ಟವರು ಅದನ್ನು ಮಾಡಿದವರೇ. ಆದರೆ ಮೊದಲ ಕಂತನ್ನು ಇನ್ನೊಂದು ಸಲ ಹಾಕಿ ನೋಡಿ. ಸೋಲ್ ನಗರದ ಒಂದು ಓಣಿ. ದೊಕ್-ಸುನ್‌ಳ ಅಪ್ಪ ಬ್ಯಾಂಕ್ ನೌಕರ. ಬ್ಯಾಂಕಿನಲ್ಲಿದ್ದೂ ಅವರ ಮನೆ ಅರ್ಧ ನೆಲದ ಕೆಳಗೆ, ಇನ್ನೊಬ್ಬರ ಮನೆಯಡಿ. ಯಾಕೆ ಅಂದರೆ ಸ್ನೇಹಿತನ ಸಾಲಕ್ಕೆ ಜಾಮೀನು ನಿಂತಿದ್ದ ಪುಣ್ಯಾತ್ಮ. ಸಂಬಳ ಮನೆಗೆ ಬರುವ ಮೊದಲೇ ಅರ್ಧ ಕರಗಿರುತ್ತೆ. ಇಷ್ಟು ಗೊತ್ತಾದ ಮೇಲೆ ಆ ಮೊಟ್ಟೆಯ ಜಗಳ ನೋಡಿ. ಮೊಟ್ಟೆ ಅಕ್ಕನಿಗೆ, ತಮ್ಮನಿಗೆ, ನಡುವಿನವಳಿಗೆ ಇಲ್ಲ. ಕೋಳಿ ತಂದರೆ ಕಾಲು ಅವರಿಬ್ಬರಿಗೆ, ರೆಕ್ಕೆ ಇವಳಿಗೆ. ಹುಟ್ಟುಹಬ್ಬವನ್ನೂ ಅಕ್ಕನ ಕೇಕಿನಲ್ಲೇ ಮುಗಿಸಿಬಿಡುತ್ತಾರೆ. ನನಗೂ ಮೊಟ್ಟೆ ಇಷ್ಟ ಅಂತ ಅವಳು ಬಿಕ್ಕಿ ಬಿಕ್ಕಿ ಅಳುವಾಗ ಅಲ್ಲಿ ಕೆಟ್ಟವರು ಯಾರೂ ಇಲ್ಲ, ಮೊಟ್ಟೆ ಕಡಿಮೆ ಇವೆ ಅಷ್ಟೇ. ಆಮೇಲೆ ಅಪ್ಪ ಒಂದು ಪುಟ್ಟ ಕೇಕ್ ತಂದು, ಅಪ್ಪ ಆಗುವುದು ನನಗೂ ಇದೇ ಮೊದಲು ಕಣಮ್ಮ ಅನ್ನುವ ಥರ ಮಾತಾಡುತ್ತಾನೆ. ಮೂರು ನಾಲ್ಕು ನಿಮಿಷದ ದೃಶ್ಯ. ಅವನ ಸಾಲದ ಕತೆ ಇಲ್ಲದಿದ್ದರೆ ಅದು ಬರೀ ಡೈಲಾಗ್ ಆಗುತ್ತಿತ್ತು.

ಜಂಗ್-ಹ್ವಾನ್ ವಿಷಯ ಬೇಗ ಮುಗಿಸುತ್ತೇನೆ. ಒಳ್ಳೆಯ ಹುಡುಗ, ಪಾಪ. ಸಿಗ್ನಲ್‌ನಲ್ಲಿ ಕೆಂಪು ದೀಪ ಬಿತ್ತು, ದೊಕ್-ಸುನ್ ಇದ್ದಲ್ಲಿಗೆ ಅವನು ತಡವಾಗಿ ಬಂದ. ಆದರೆ ತಡ ಮಾಡಿದ್ದು ಸಿಗ್ನಲ್ ಅಲ್ಲ, ನನ್ನ ಹಿಂಜರಿಕೆ ಅಂತ ಅವನೇ ಒಪ್ಪಿಕೊಳ್ಳುತ್ತಾನಲ್ಲ. ನೀವ್ಯಾಕೆ ಒಪ್ಪುವುದಿಲ್ಲ? ಅತ್ತ ಟೇಕ್ ನೋಡಿ. ಷೂ ಲೇಸ್ ಕಟ್ಟಲೂ ಬಾರದವನು. ಬರುವುದು ಒಂದೇ, ಕರಿಬಿಳಿ ಕಾಯಿಗಳ ಗೋ ಆಟ. ನಿದ್ದೆಮಾತ್ರೆ ನುಂಗಿಕೊಂಡು ಅದನ್ನೇ ಆಡಿ ಸಂಪಾದಿಸುತ್ತಾನೆ. ಆ ದಿನ ಪಂದ್ಯವನ್ನೇ ಕೈಬಿಟ್ಟು ಓಡಿ ಬಂದ. ಬರುವ ಒಂದೇ ಕೆಲಸವನ್ನು ಒಬ್ಬ ಹುಡುಗಿಗಾಗಿ ಬಿಟ್ಟು ಬಂದವನಿಗೆ ನನ್ನ ಓಟು.

ಈಗ 'ಮೈ ಮಿಸ್ಟರ್'. ಇದರಲ್ಲಿ ಮಾತ್ರ ನಿಮ್ಮ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. 2018ರಲ್ಲಿ ಬಂದದ್ದು, ಇರುವುದೇ 16 ಕಂತು. ಡಾಂಗ್-ಹೂನ್ ಕಟ್ಟಡಗಳ ಗಟ್ಟಿತನ ಪರೀಕ್ಷೆ ಮಾಡುವ ಎಂಜಿನಿಯರ್. ಗೋಡೆಯ ಬಿರುಕು ನೋಡಿ ಒಳಗೆ ಏನಾಗಿದೆ ಅಂತ ಹೇಳುವವನು. ಅವನ ಆಫೀಸಿನಲ್ಲೇ ಜಿ-ಆನ್ ಅನ್ನುವ ಹುಡುಗಿ ತಾತ್ಕಾಲಿಕ ಕೆಲಸಕ್ಕಿದ್ದಾಳೆ. ರಾತ್ರಿ ಬೇರೆ ಕಡೆ ಪಾತ್ರೆ ತೊಳೆಯುತ್ತಾಳೆ. ಅಲ್ಲಿ ಜನ ತಿಂದು ಬಿಟ್ಟದ್ದನ್ನು ಕಟ್ಟಿಕೊಂಡು ಬಂದು ಹೊಟ್ಟೆ ತುಂಬಿಸಿಕೊಳ್ಳುತ್ತಾಳೆ. ಆಫೀಸಿನಿಂದ ಎತ್ತಿಕೊಂಡು ಬಂದ ಕಾಫಿ ಪುಡಿಯ ಸ್ಯಾಶೆ, ಒಂದಲ್ಲ ಎರಡು, ಒಂದೇ ಲೋಟಕ್ಕೆ ಹಾಕಿ ಬಿಸಿನೀರು ಹೊಯ್ದು ಕುಡಿಯುತ್ತಾಳೆ. ಆ ಎರಡನೇ ಸ್ಯಾಶೆ ಹರಿಯುವ ಕೈ ನೋಡಿದಾಗ ನನಗೆ ಅವಳ ಜಾತಕವೇ ಗೊತ್ತಾಯಿತು.

ನೀವು ಬಿಟ್ಟ ಜಾಗದಿಂದ ಸ್ವಲ್ಪ ಮುಂದೆ ಏನಾಗುತ್ತೆ ಹೇಳುತ್ತೇನೆ. ಡಾಂಗ್-ಹೂನ್‌ನ ಅಣ್ಣ ಕೆಲಸ ಕಳೆದುಕೊಂಡು, ಸಾಲ ಮಾಡಿಕೊಂಡು, ಕೊನೆಗೆ ಕಿರಿಯ ತಮ್ಮನನ್ನು ಸೇರಿಸಿಕೊಂಡು ಮೆಟ್ಟಿಲು ತೊಳೆಯುವ ಕೆಲಸಕ್ಕೆ ಇಳಿಯುತ್ತಾನೆ. ಒಂದು ಕಟ್ಟಡದಲ್ಲಿ ಮಾಲೀಕನ ಮೇಲೆ ಕೊಳೆ ಬೀಳುತ್ತೆ. ಅವನು ಅಣ್ಣನನ್ನು ಮಂಡಿಯೂರಿಸಿ ಕ್ಷಮೆ ಕೇಳಿಸುತ್ತಾನೆ. ಊಟ ತಂದಿದ್ದ ತಾಯಿ ಕೆಳಗಿನ ಮೆಟ್ಟಿಲಿನಿಂದ ಅದನ್ನು ಕಂಡು, ಸದ್ದಿಲ್ಲದೆ ವಾಪಸ್ ಹೋಗುತ್ತಾಳೆ. ನಮ್ಮಲ್ಲಾಗಿದ್ದರೆ ಮುಂದಿನ ದೃಶ್ಯದಲ್ಲಿ ತಮ್ಮ ಬಂದು ನಾಲ್ಕು ಜನರನ್ನು ಗಾಳಿಯಲ್ಲಿ ಹಾರಿಸುತ್ತಿದ್ದ. ಇಲ್ಲಿ ಡಾಂಗ್-ಹೂನ್ ತನ್ನ ಕಸುಬು ತೆಗೆದುಕೊಂಡು ಹೋಗುತ್ತಾನೆ. ಸುತ್ತಿಗೆ ಹಿಡಿದು ಆ ಕಟ್ಟಡದ ಗೋಡೆಗೆ ಬಡಿದು, ನೀನು ಎಷ್ಟು ಕಳಪೆ ಕಟ್ಟಿದ್ದೀಯ ಅಂತ ಅವನಿಗೇ ಪಾಠ ಹೇಳುತ್ತಾನೆ. ಅವಮಾನ ಯಾರಿಗೂ ತಪ್ಪಿದ್ದಲ್ಲ, ಆದರೆ ಮನೆಯವರ ಕಣ್ಣೆದುರು ಮಾಡಬಾರದು ಅನ್ನುತ್ತಾನೆ. ಎಂಜಿನಿಯರ್‌ಗೆ ಬರುವ ಸಿಟ್ಟು ಅದು, ಬೇರೆ ಯಾರಿಗೂ ಆ ಥರ ಬರುವುದಿಲ್ಲ. ಆಫೀಸಿಗೆ ಹೋಗುತ್ತಾನೆ, ಬರುತ್ತಾನೆ ಅಂದಿರಲ್ಲ ಮೇಡಂ, ಅದಕ್ಕೇ ಈ ದೃಶ್ಯ ಸಾಧ್ಯ ಆಯಿತು.

ಇದೇ ನಿರ್ದೇಶಕ ಕಿಮ್ ವಾನ್-ಸೊಕ್ 2014ರಲ್ಲಿ 'ಮಿಸೆಂಗ್' ಅಂತ ಮಾಡಿದ್ದರು. ಅದರಲ್ಲಿ ಹೆಚ್ಚುಕಡಿಮೆ ಪ್ರೇಮವೇ ಇಲ್ಲ. ಗೋ ಆಟದಲ್ಲಿ ಸೋತ ಹುಡುಗ ಜಾಂಗ್ ಗುರೇ ಒಂದು ವ್ಯಾಪಾರಿ ಕಂಪನಿಗೆ ಸೇರುತ್ತಾನೆ. ಡಿಗ್ರಿ ಇಲ್ಲ, ಇಂಗ್ಲಿಷ್ ಇಲ್ಲ. ಫೋಟೊಕಾಪಿ ಮಷಿನ್ ಮುಂದೆಯೂ ತಬ್ಬಿಬ್ಬು. ಹಬ್ಬಕ್ಕೆ ಕಂಪನಿಯಿಂದ ಉಡುಗೊರೆ ಬರುತ್ತೆ. ಕಾಯಂ ನೌಕರರಿಗೆ ಡಬ್ಬಿ ಮಾಂಸ, ಗುತ್ತಿಗೆಯವರಿಗೆ ಅಡುಗೆ ಎಣ್ಣೆ. ಯಾರೂ ಏನೂ ಅನ್ನುವುದಿಲ್ಲ. ಡಬ್ಬ ನೋಡಿದರೆ ಸಾಕು, ಯಾರು ಯಾರ ಸಮ ಅಂತ ಗೊತ್ತಾಗಿಬಿಡುತ್ತೆ. ನಮ್ಮ ಕಚೇರಿಗಳಲ್ಲಿ ದೀಪಾವಳಿ ಸ್ವೀಟ್ ಬಾಕ್ಸ್ ಹಂಚುವುದನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಅರ್ಧ ಕೆಜಿ ಬಾಕ್ಸು, ಕಾಲು ಕೆಜಿ ಬಾಕ್ಸು ಅಂತ ಎರಡು ರಾಶಿ ಇರುತ್ತಿತ್ತು. ಸ್ಟ್ರಿಂಗರ್‌ಗಳು, ಪ್ರೂಫ್ ನೋಡುವವರು ಯಾವ ರಾಶಿಗೆ ಅಂತ ಕೇಳಲೇಬೇಡಿ. 'ಮಿಸೆಂಗ್' ಕೊರಿಯಾದಲ್ಲಿ ಎಷ್ಟು ಆಳಕ್ಕೆ ಇಳಿಯಿತು ಅಂದರೆ, ಗುತ್ತಿಗೆ ನೌಕರರ ಅವಧಿಯನ್ನು ಎರಡು ವರ್ಷದಿಂದ ನಾಲ್ಕಕ್ಕೆ ಏರಿಸಲು ಅಲ್ಲಿನ ಸರ್ಕಾರ ಹೊರಟಾಗ ಜನ ಅದನ್ನು ಜಾಂಗ್ ಗುರೇ ಕಾನೂನು ಅಂತಲೇ ಕರೆದು ಜಗಳ ಆಡಿದರು. ನಮ್ಮ ಯಾವ ಧಾರಾವಾಹಿಯ ಪಾತ್ರದ ಹೆಸರು ಕಾರ್ಮಿಕ ಇಲಾಖೆಯ ಬಾಗಿಲವರೆಗೆ ಹೋಗಿದೆ ಹೇಳಿ?

ಅತ್ತೆಯವರ ಜೊತೆ ಕೂತು ನೋಡುವಂಥದ್ದೂ ಇವೆ. 2003ರ 'ಜ್ಯುವೆಲ್ ಇನ್ ದ ಪ್ಯಾಲೇಸ್' ನೋಡಿ, 54 ಕಂತು. ಅದು ಇರಾನಿನಲ್ಲೂ ಮನೆಮಾತಾಗಿತ್ತು. ಹಿಂದೆ ಕೊರಿಯಾ ಆಳಿದ ಜೊಸನ್ ದೊರೆಗಳ ದಾಖಲೆಯಲ್ಲಿ ಜಾಂಗ್-ಗುಮ್ ಅನ್ನುವ ವೈದ್ಯೆಯ ಹೆಸರು ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ ಬರುತ್ತೆ. ಅಷ್ಟನ್ನೇ ಹಿಡಿದು ಅವಳನ್ನು ಮೊದಲು ಅರಮನೆಯ ಅಡುಗೆಮನೆಗೆ, ಆಮೇಲೆ ಔಷಧಕ್ಕೆ ಕಳಿಸಿದರು. ಅಡುಗೆಮನೆಯ ಹಿರಿಯಾಕೆ ಆ ಪುಟ್ಟ ಹುಡುಗಿಗೆ ಕುಡಿಯೋಕೆ ನೀರು ತಾ ಅನ್ನುತ್ತಾಳೆ. ತಂದರೆ ಸರಿಯಿಲ್ಲ ಅನ್ನುತ್ತಾಳೆ. ಬಿಸಿ ಮಾಡಿ ತಂದರೂ ಸರಿಯಿಲ್ಲ. ಕೊನೆಗೆ ಹುಡುಗಿ, ನಿಮಗೆ ಹೊಟ್ಟೆನೋವಾ, ಗಂಟಲು ಕೆಟ್ಟಿದೆಯಾ ಅಂತ ಕೇಳಿದಾಗ ಆಕೆ ಒಪ್ಪುತ್ತಾಳೆ. ಬಡಿಸುವ ಮೊದಲು ಉಣ್ಣುವವರನ್ನು ವಿಚಾರಿಸಬೇಕು ಅನ್ನುವ ಪಾಠ ಅದು. ನಮ್ಮ ಧಾರಾವಾಹಿಗಳಲ್ಲೂ ಅಡುಗೆಮನೆ ಇದೆ. ಅಲ್ಲಿ ವಿಷ ಬೆರೆಸುವುದೊಂದೇ ಅಡುಗೆ.

ದಿನಾ ಪ್ರಸಾರ ಆಗುತ್ತೆ ಸಾರ್, ಬೆಳಿಗ್ಗೆ ಬರೆದು ಮಧ್ಯಾಹ್ನ ಶೂಟಿಂಗ್, ಇಷ್ಟೆಲ್ಲ ತೋರಿಸೋಕೆ ಎಲ್ಲಿ ಟೈಮು ಅಂತ ನಮ್ಮ ಧಾರಾವಾಹಿ ಬರೆಯುವ ಗೆಳೆಯರು ಹೇಳುತ್ತಾರೆ. ಅವರ ಪಾಡು ನನಗೆ ಗೊತ್ತು. ಆದರೆ ಜಪಾನಿನ 'ಓಶಿನ್' ಕೂಡ ದಿನದ ಧಾರಾವಾಹಿಯೇ. 1983ರ ಏಪ್ರಿಲ್‌ನಿಂದ ಒಂದು ವರ್ಷ, ದಿನಕ್ಕೆ 15 ನಿಮಿಷ, ಒಟ್ಟು 297 ಕಂತು. ಬರೆದದ್ದು ಸುಗಾಕೊ ಹಶಿದಾ ಅನ್ನುವ ಹೆಂಗಸು. ಏಳು ವರ್ಷದ ಹುಡುಗಿಯನ್ನು ಒಂದು ಮೂಟೆ ಅಕ್ಕಿಗೆ ಜೀತಕ್ಕೆ ಕಳಿಸುತ್ತಾರೆ. ಮನೆಯಲ್ಲಿ ಅನ್ನಕ್ಕೆ ಮೂಲಂಗಿ ಹೆಚ್ಚಿ ಸೇರಿಸಿ ಅಕ್ಕಿ ಉಳಿಸುತ್ತಿರುತ್ತಾರೆ. ಆಮೇಲೆ ಅವಳು ತಲೆಬಾಚುವ ಕೆಲಸ ಕಲಿಯುತ್ತಾಳೆ, ಮನೆಮನೆಗೆ ಮೀನು ಮಾರುತ್ತಾಳೆ, ಕೊನೆಗೆ ಸೂಪರ್‌ಮಾರ್ಕೆಟ್ ಒಡತಿ ಆಗುತ್ತಾಳೆ. ಜಪಾನಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆಗಳಲ್ಲಿ ಅದನ್ನು ನೋಡಿದರು. ಅದರಲ್ಲೂ ಅತ್ತೆ ಇದ್ದಾಳೆ, ಎಂಥ ಅತ್ತೆ ಅಂತೀರಿ! ಅವಳನ್ನು ನೋಡಿದ ಮೇಲೆ ನಿಮ್ಮ ಅತ್ತೆಯವರಿಗೆ ನೀವೇ ಎದ್ದು ಹೋಗಿ ಕಾಫಿ ಮಾಡಿಕೊಡುತ್ತೀರಿ.

ನಮ್ಮವರನ್ನು ಸುಮ್ನೆ ಬೈಯುತ್ತಿಲ್ಲ. ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳಲ್ಲಿ ವಕೀಲ ಕೋರ್ಟಿನಲ್ಲಿ ನಿಂತು ವಾದವನ್ನೇ ಮಾಡುತ್ತಿದ್ದ, ಜನ ಊಟ ಬಿಟ್ಟು ಅದನ್ನು ಕೇಳುತ್ತಿದ್ದರು. ಆಮೇಲೆ ಏನಾಯಿತೋ. ಈಗ ಎಲ್ಲರೂ ಬಿಸಿನೆಸ್ ಮಾಡುತ್ತಾರೆ. ಯಾವ ಬಿಸಿನೆಸ್? ಗೊತ್ತಿಲ್ಲ. ಫೋನಿನಲ್ಲಿ "ಆ ಡೀಲ್ ಕ್ಯಾನ್ಸಲ್ ಮಾಡಿ" ಅನ್ನುತ್ತಾರೆ, ಫೋನ್ ಇಡುತ್ತಾರೆ, ಕೆಲಸ ಮುಗಿಯಿತು. ಹೆಂಗಸರು ರೇಷ್ಮೆ ಸೀರೆಯಲ್ಲೇ ಮಲಗುತ್ತಾರೆ, ಅದರಲ್ಲೇ ಏಳುತ್ತಾರೆ. ಗ್ಯಾಸ್ ಖಾಲಿಯಾಗುವುದಿಲ್ಲ. ಸ್ಕೂಲ್ ಫೀಸಿಗೆ ಕಿವಿಯ ಓಲೆ ಯಾರೂ ಅಡ ಇಡುವುದಿಲ್ಲ.

ಧಾರಾವಾಹಿ ಹಾಳಾಗಲಿ ಬಿಡಿ, ನಮ್ಮ ಕಚೇರಿಗೆ ಬರುವ ಕತೆಗಳ ಹಣೆಬರಹವೂ ಅದೇ. ಗಂಡಸೊಬ್ಬ ಬಾಲ್ಕನಿಯಲ್ಲಿ ನಿಂತು ಮಳೆ ನೋಡುತ್ತಾ ಹಳೇ ಹುಡುಗಿಯನ್ನು ನೆನೆಯುತ್ತಾನೆ. ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಇವನಿಗೆ ಬಾಲ್ಕನಿಯಲ್ಲಿ ಏನು ಕೆಲಸ? ರಜಾ ಹಾಕಿದ್ದಾನಾ? ಆ ಬಾಲ್ಕನಿಯ ಬಾಡಿಗೆ ಯಾರು ಕಟ್ಟುತ್ತಾರೆ? ಕೇಳಿದರೆ ಲೇಖಕರು ಮುನಿಸಿಕೊಳ್ಳುತ್ತಾರೆ. ಹನ್ನೆರಡನೇ ಶತಮಾನದಲ್ಲೇ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ ಅಂತ ಕಸುಬನ್ನು ಹೆಸರಿನ ಮುಂದಿಟ್ಟುಕೊಂಡು ಓಡಾಡಿದ ಜನ ನಾವು. ಆಯ್ದಕ್ಕಿ ಮಾರಯ್ಯ ದಿನದ ಲೆಕ್ಕಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಹೋಗಿ ಅಲ್ಲೇ ಸುರಿದು ಬಾ ಅಂದ ಲಕ್ಕಮ್ಮನ ಊರು ಇದು. ಗಂಡ ಹೆಂಡತಿಯ ನಡುವೆ ಒಂದು ಹಿಡಿ ಅಕ್ಕಿಯ ಜಗಳ. ಅದನ್ನು ಯಾರಾದರೂ 16 ಕಂತು ಮಾಡಿದರೆ ನಾನು ರಜಾ ಹಾಕಿ ನೋಡುತ್ತೇನೆ.

ಕಷ್ಟ ಮನೆಯಲ್ಲೇ ಇದೆಯಲ್ಲ ಅಂದಿರಿ. ಇದೆ. ಆದರೆ ಪಾತ್ರೆ ತೊಳೆದು ಬಂದು ಕೂತ ನಿಮ್ಮನ್ನೇ ಪರದೆಯ ಮೇಲೆ ಯಾರಾದರೂ ನಾಯಕಿ ಮಾಡಿದ್ದರೆ ನೀವು ಎದ್ದು ಹೋಗುತ್ತಿದ್ದಿರಾ? ನನಗೆ ನಂಬಿಕೆ ಇಲ್ಲ. ನಿಮ್ಮ ಪತ್ರದಲ್ಲಿ ನನಗೆ ಬಹಳ ಇಷ್ಟವಾದ ಸಾಲು ಆ ಪಾತ್ರೆಯದ್ದೇ.

ಅಂಕಣ ಬೇಕು ಅಂದಿರಿ. ನೀವೇ ಬರೆಯಿರಿ. ಮೂರು ಷರತ್ತು. ಐನೂರು ಪದ ಮೀರಬಾರದು. ನಾಯಕನ ಕೆಲಸ ಏನು ಅಂತ ಮೊದಲ ಪ್ಯಾರಾದಲ್ಲೇ ಬರಬೇಕು. 'ಮೈ ಮಿಸ್ಟರ್' ಮೂರನೇ ಕಂತಿನಿಂದ ಮುಂದಕ್ಕೆ ನೋಡಿ ಮುಗಿಸಿರಬೇಕು. ಸಂಭಾವನೆ ಕೊಡುತ್ತೇವೆ, ಎಷ್ಟು ಅಂತ ಫೋನ್ ಮಾಡಿ ಕೇಳಿ. ನಾಚಿಕೊಳ್ಳಬೇಡಿ. ಕೇಳದಿದ್ದರೆ ನಮ್ಮ ಅಕೌಂಟ್ಸ್‌ನವರು ಮರೆತುಬಿಡುತ್ತಾರೆ.