ಮದುವೆ ಫೋಟೊ ವಿಂಗಡಿಸಲು ಸ್ಕ್ರಿಪ್ಟ್: ಮೊದಲು ಫೈಲಿನ ಹೆಸರು ಸರಿಮಾಡಿ

ಪ್ರಶ್ನೆ: ತಿಪಟೂರಿನಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೊ ಇದೆ. ಮದುವೆಗೆ ಎರಡು ನಿಕಾನ್ ಕ್ಯಾಮೆರಾ ತಗೊಂಡು ಹೋಗ್ತೀವಿ. ಆಮೇಲೆ ಆರತಕ್ಷತೆ ಬೇರೆ, ಮುಹೂರ್ತ ಬೇರೆ, ರಾ (ಕ್ಯಾಮೆರಾದ ಕಚ್ಚಾ ಫೈಲ್) ಬೇರೆ, ಜೆಪೆಗ್ ಬೇರೆ ಅಂತ ಕೈಯಲ್ಲೇ ವಿಂಗಡಿಸೋದು. ಒಂದು ಬ್ಯಾಚ್ ಫೈಲ್ (ವಿಂಡೋಸ್ ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಸ್ಕ್ರಿಪ್ಟ್) ಬರೆದರೆ ತಾನಾಗೇ ಆಗುತ್ತೆ ಅಂತಾರೆ. ನನಗೆ ಪ್ರೋಗ್ರಾಮಿಂಗ್ ಬರಲ್ಲ. ಮಾಡಬಹುದಾ?

ಉತ್ತರ: ಖಂಡಿತ ಮಾಡಬಹುದು, ಹತ್ತು ಹದಿನೈದು ಸಾಲು ಸಾಕು. ಆದರೆ ದಯವಿಟ್ಟು ಬ್ಯಾಚ್ ಫೈಲ್ ಬೇಡ.

ನಿಕಾನ್ ಕ್ಯಾಮೆರಾ ಫೋಟೊಗೆ ಡಿಎಸ್‌ಸಿ ಅಂತ ಶುರುವಾಗಿ ನಾಲ್ಕು ಅಂಕಿಯಲ್ಲಿ ಮುಗಿಯುವ ಹೆಸರು ಕೊಡುತ್ತದೆ. 9999 ಆದಮೇಲೆ ಮತ್ತೆ 0001. ಎರಡು ಕ್ಯಾಮೆರಾ ಅಂದಮೇಲೆ ಒಂದರಲ್ಲಿ ಧಾರೆ, ಇನ್ನೊಂದರಲ್ಲಿ ಊಟದ ಪಂಕ್ತಿ, ಎರಡಕ್ಕೂ ಒಂದೇ ಹೆಸರು ಬೀಳಬಹುದು. ವಿಂಡೋಸ್‌ನ ಮೂವ್ ಕಮಾಂಡನ್ನು ನೀವೇ ಕೂತು ಟೈಪ್ ಮಾಡಿದರೆ, ಇದೇ ಹೆಸರಿನ ಫೈಲ್ ಆಗಲೇ ಇದೆ, ಏನು ಮಾಡಲಿ ಅಂತ ಕೇಳುತ್ತದೆ. ಅದೇ ಕಮಾಂಡ್ ಬ್ಯಾಚ್ ಫೈಲಿನೊಳಗೆ ಇದ್ದರೆ ಕೇಳುವುದೇ ಇಲ್ಲ, ಹಳೇ ಫೈಲ್ ಹೋಗಿ ಅದರ ಜಾಗದಲ್ಲಿ ಹೊಸದು ಕೂರುತ್ತದೆ. ರೀಸೈಕಲ್ ಬಿನ್‌ನಲ್ಲಿ ಹುಡುಕಿದರೂ ಸಿಗಲ್ಲ. ಧಾರೆ ಫೋಟೊ ಇನ್ನೊಂದು ಸಲ ತೆಗೆಯೋಕೆ ಆಗಲ್ಲ ಅಲ್ವಾ?

ಹಾಗಾಗಿ ಮೊದಲ ಕೆಲಸ ಕ್ಯಾಮೆರಾದಲ್ಲೇ. ಹಲವು ನಿಕಾನ್ ಮಾಡೆಲ್‌ಗಳ ಮೆನುವಿನಲ್ಲಿ ಫೈಲ್ ನೇಮಿಂಗ್ ಅಂತ ಇರುತ್ತದೆ. ಅಲ್ಲಿ ಒಂದು ಕ್ಯಾಮೆರಾದ ಮೂರಕ್ಷರ ಬದಲಿಸಿಬಿಡಿ. ಜೊತೆಗೆ ಎರಡರ ಗಡಿಯಾರವನ್ನೂ ಒಂದೇ ಸಮಯಕ್ಕೆ ಹೊಂದಿಸಿ, ಯಾಕೆಂದರೆ ಸ್ಕ್ರಿಪ್ಟ್ ವಿಂಗಡಿಸುವುದು ಆ ಗಡಿಯಾರ ಫೋಟೊಗೆ ಹಾಕುವ ದಿನಾಂಕವನ್ನೇ ನಂಬಿ.

ಇನ್ನು ಸ್ಕ್ರಿಪ್ಟ್. ವಿಂಡೋಸ್‌ನಲ್ಲೇ ಇರುವ, ಕಮಾಂಡ್ ಬರೆದು ಕೆಲಸ ಮಾಡಿಸುವ ಪವರ್‌ಶೆಲ್ ಬಳಸಿ. ಕೆಲಸ ಇಷ್ಟೇ: ಒಂದೊಂದೇ ಫೈಲ್ ತೆಗೆದುಕೊಳ್ಳುವುದು, ದಿನಾಂಕ ನೋಡುವುದು, ಆ ಹೆಸರಿನ ಫೋಲ್ಡರ್ ಇಲ್ಲದಿದ್ದರೆ ಮಾಡುವುದು, ಎನ್‌ಇಎಫ್ (ನಿಕಾನ್‌ನ ರಾ ಫೈಲ್) ಆದರೆ ರಾ ಒಳಗೆ, ಜೆಪಿಜಿ ಆದರೆ ಜೆಪೆಗ್ ಒಳಗೆ ಸಾಗಿಸುವುದು. ಇದರ ಮೂವ್-ಐಟಂ ಕಮಾಂಡ್ ಅದೇ ಹೆಸರಿನ ಫೈಲ್ ಕಂಡರೆ ಕೆಂಪಕ್ಷರದಲ್ಲಿ ಎರರ್ ತೋರಿಸಿ ಫೋಟೊವನ್ನು ಇದ್ದಲ್ಲೇ ಬಿಡುತ್ತದೆ. ಫೋರ್ಸ್ ಅನ್ನೋ ಪದವನ್ನು ಮಾತ್ರ ಸೇರಿಸಬೇಡಿ. ಮೊದಲ ಸಲ ಸಾಲಿನ ಕೊನೆಗೆ ವಾಟ್‌ಇಫ್ ಹಾಕಿ ಓಡಿಸಿ. ಯಾವ ಫೈಲ್ ಎಲ್ಲಿಗೆ ಹೋಗಲಿದೆ ಅಂತ ಬರೀ ತೋರಿಸುತ್ತದೆ, ಏನನ್ನೂ ಮುಟ್ಟಲ್ಲ. ನನ್ನ ಪ್ರಕಾರ ಈ ಒಂದು ಸೌಲಭ್ಯಕ್ಕಾಗಿಯೇ ಪವರ್‌ಶೆಲ್ ಕಲಿಯಬಹುದು.

ದಿನಾಂಕದಲ್ಲಿ ಒಂದು ಎಚ್ಚರ. ಕಾರ್ಡಿನಿಂದ ಕಾಪಿ ಮಾಡಿದಾಗ ಕ್ರಿಯೇಟೆಡ್ ಡೇಟ್ ಕಾಪಿ ಮಾಡಿದ ಹೊತ್ತಿಗೆ ಬದಲಾಗುತ್ತದೆ, ಮಾಡಿಫೈಡ್ ಡೇಟ್ ಹಾಗೇ ಉಳಿಯುತ್ತದೆ. ಹಾಗಾಗಿ ಮಾಡಿಫೈಡ್ ನೋಡಿ. ಆರತಕ್ಷತೆ ರಾತ್ರಿ ಹನ್ನೆರಡು ದಾಟಿದರೆ ಕೊನೆಯ ಫೋಟೊಗಳು ಮುಹೂರ್ತದ ದಿನಕ್ಕೆ ಸೇರಿಬಿಡುತ್ತವೆ. ಸಮಯದಿಂದ ಮೂರು ಗಂಟೆ ಕಳೆದು ದಿನಾಂಕ ತೆಗೆಯಲು ಹೇಳಿ, ಸರಿಹೋಗುತ್ತದೆ.

ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡುವಾಗ ಆಲ್ ಫೈಲ್ಸ್ ಆರಿಸಿ, ಇಲ್ಲದಿದ್ದರೆ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಅಂಟಿಕೊಂಡು ಸ್ಕ್ರಿಪ್ಟ್ ಓಡುವುದಿಲ್ಲ. ಫೋಲ್ಡರಿಗೆ ಕನ್ನಡದಲ್ಲೇ ಹೆಸರಿಡುವಿರಾದರೆ ಎನ್‌ಕೋಡಿಂಗ್ (ಅಕ್ಷರಗಳನ್ನು ಉಳಿಸುವ ರೀತಿ) ಯುಟಿಎಫ್-8 ವಿತ್ ಬಿಒಎಂ ಇರಲಿ. ಓಡಿಸಲು ಬಿಡದೇ ಹೋದರೆ ನಿಮ್ಮ ಯೂಸರ್‌ಗೆ ಮಾತ್ರ ಎಕ್ಸಿಕ್ಯೂಷನ್ ಪಾಲಿಸಿಯನ್ನು (ಯಾವ ಸ್ಕ್ರಿಪ್ಟ್ ಓಡಬಹುದು ಅನ್ನೋ ಪವರ್‌ಶೆಲ್ ಸೆಟ್ಟಿಂಗ್) ರಿಮೋಟ್‌ಸೈನ್ಡ್ ಮಾಡಿ.

ಕಾರ್ಡಿನ ಮೇಲೆ ನೇರವಾಗಿ ಓಡಿಸಬೇಡಿ, ಕಂಪ್ಯೂಟರಿಗೆ ಹಾಕಿಕೊಂಡ ಕಾಪಿಯ ಮೇಲೆ ಓಡಿಸಿ. ವಿಂಗಡಿಸಿದ ಫೋಲ್ಡರುಗಳ ಒಟ್ಟು ಫೋಟೊ ಎಷ್ಟು, ಎರಡೂ ಕಾರ್ಡಿನಲ್ಲಿರುವುದು ಎಷ್ಟು ಎಂದು ತಾಳೆ ನೋಡಿ, ಇನ್ನೊಂದು ಹಾರ್ಡ್‌ಡಿಸ್ಕಿಗೂ ಹಾಕಿದ ಮೇಲೆಯೇ ಕಾರ್ಡ್ ಫಾರ್ಮ್ಯಾಟ್ ಮಾಡಿ.